ಎನ್‌ಕ್ರಿಪ್ಷನ್ ತಂತ್ರಾಂಶದ ಸೆಟ್ಟಿಂಗ್‌ಗಳು: ಕಡತ ಮತ್ತು ಇ-ಮೇಲ್

ಕಂಪ್ಯೂಟರಿನಲ್ಲಿರುವ ಕಡತವನ್ನಾಗಲಿ, ಕಳುಹಿಸುವ ಇ-ಮೇಲನ್ನಾಗಲಿ ಕೀಲಿ ಇಲ್ಲದವರು ಓದಲಾಗದಂತೆ ಮಾರ್ಪಡಿಸುವುದು ಎನ್‌ಕ್ರಿಪ್ಷನ್. ಕನ್ನಡದಲ್ಲಿ ಇದನ್ನು ಗೂಢಲಿಪೀಕರಣ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ‘ಪಾಸ್‌ವರ್ಡ್ ಹಾಕುವುದು’, ‘ಲಾಕ್ ಮಾಡುವುದು’. ಈ ಕೆಲಸಕ್ಕೆ ಇಂದು ಬಳಕೆಯಲ್ಲಿರುವ ಗಣಿತಸೂತ್ರಗಳು ಬಹುಮಟ್ಟಿಗೆ ಗಟ್ಟಿಯಾದವು. ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಎಇಎಸ್ ಸೂತ್ರವನ್ನು ನೇರವಾಗಿ ಮುರಿದವರು ಈವರೆಗೆ ಯಾರೂ ಇಲ್ಲ. ಆದರೂ ಗುಟ್ಟುಗಳು ರಟ್ಟಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಸ್ವಂತ ಕಡತವೇ ಮಾಲೀಕನಿಗೆ ತೆರೆಯದೆ ಹೋಗುತ್ತದೆ. ಎರಡಕ್ಕೂ ಕಾರಣ ಸಾಮಾನ್ಯವಾಗಿ ಸೂತ್ರವಲ್ಲ, ಸೆಟ್ಟಿಂಗ್. ಯಾವ ಪೆಟ್ಟಿಗೆಗೆ ಟಿಕ್ ಹಾಕಬೇಕು, ಯಾವ ಕೀಲಿಯನ್ನು ಎಲ್ಲಿಡಬೇಕು, ಎಷ್ಟು ಹೊತ್ತು ನೆನಪಿಡುವಂತೆ ತಂತ್ರಾಂಶಕ್ಕೆ ಹೇಳಬೇಕು ಎಂಬ ಸಣ್ಣ ತೀರ್ಮಾನಗಳಲ್ಲೇ ಭದ್ರತೆ ಕುಳಿತಿದೆ.

ಗೂಢಲಿಪಿಯಲ್ಲದೆಯೂ ಹಾಗೆ ತೋರುವ ಒಂದು ವಸ್ತು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಹಳೆಯ ನುಡಿ ಅಥವಾ ಶ್ರೀಲಿಪಿಯಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಗೀಟು, ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳ ಸಾಲು ಕಾಣುತ್ತದೆ. ಇದು ಸಂಕೇತೀಕರಣದ ಭೇದ ಮಾತ್ರ. ಫಾಂಟ್ ಹಾಕಿದರೆ ಅಥವಾ ಯುನಿಕೋಡ್ ಪರಿವರ್ತಕದಲ್ಲಿ ಹಾಯಿಸಿದರೆ ಯಾರು ಬೇಕಾದರೂ ಓದಬಹುದು. ಅಲ್ಲಿ ಕೀಲಿ ಎಂಬುದೇ ಇಲ್ಲ. ‘ನಮ್ಮ ಹಳೆಯ ಕಡತ ಯಾರಿಗೂ ತಿಳಿಯುವುದಿಲ್ಲ ಬಿಡಿ’ ಎಂದುಕೊಂಡು ಅದನ್ನು ಹಾಗೇ ಮೇಲ್ ಮಾಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹಿನ್ನೆಲೆ

ಗುಟ್ಟಿನ ಬರವಣಿಗೆ ಭಾರತಕ್ಕೆ ಹೊಸದಲ್ಲ. ವಾತ್ಸ್ಯಾಯನನ ಕಾಮಸೂತ್ರ ಎಣಿಸುವ 64 ಕಲೆಗಳಲ್ಲಿ ಗುಟ್ಟಿನ ಬರವಣಿಗೆಯಾದ ಮ್ಲೇಚ್ಛಿತವಿಕಲ್ಪವೂ ಒಂದು. ಅದರ ಜಯಮಂಗಲಾ ವ್ಯಾಖ್ಯಾನ ಅಕ್ಷರಗಳನ್ನು ಅದಲುಬದಲು ಮಾಡುವ ಕೌಟಿಲೀಯ, ಮೂಲದೇವೀಯ ಎಂಬ ಕ್ರಮಗಳನ್ನು ವಿವರಿಸುತ್ತದೆ. ಕನ್ನಡದಲ್ಲಿ ಈ ಜಾಡಿನ ಅತ್ಯಂತ ವಿಚಿತ್ರ ಕೃತಿ ಕುಮುದೇಂದು ಮುನಿಯದೆನ್ನಲಾದ ಸಿರಿಭೂವಲಯ. ಅದರಲ್ಲಿ ಅಕ್ಷರಗಳೇ ಇಲ್ಲ. 27 ಸಾಲು, 27 ಕಂಬಗಳ ಚಕ್ರಗಳಲ್ಲಿ, ಅಂದರೆ ಒಂದೊಂದರಲ್ಲಿ 729 ಮನೆಗಳಲ್ಲಿ, 1ರಿಂದ 64ರವರೆಗಿನ ಅಂಕಿಗಳಿವೆ. ಒಂದೊಂದು ಅಂಕಿ ಒಂದೊಂದು ಧ್ವನಿಗೆ ಸಲ್ಲುತ್ತದೆ. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬುದನ್ನು ‘ಬಂಧ’ ನಿರ್ಧರಿಸುತ್ತದೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಪ್ರತಿಯನ್ನು ಆಧರಿಸಿ ಕರ್ಲಮಂಗಲಂ ಶ್ರೀಕಂಠಯ್ಯ 1953ರಲ್ಲಿ ಇದನ್ನು ಬೆಳಕಿಗೆ ತಂದರು. ಕೃತಿಯ ಕಾಲ, ಅದರ ಬಗೆಗಿನ ದೊಡ್ಡ ದೊಡ್ಡ ಹೇಳಿಕೆಗಳು ವಿದ್ವಾಂಸರಲ್ಲಿ ಇಂದಿಗೂ ವಿವಾದದಲ್ಲಿವೆ. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟೇ: ಚಕ್ರ ಕೈಯಲ್ಲಿದ್ದು ಬಂಧ ಗೊತ್ತಿಲ್ಲದಿದ್ದರೆ ಓದು ಸಾಗುವುದಿಲ್ಲ. ಪಠ್ಯದಷ್ಟೇ ಅದನ್ನು ಓದುವ ಕ್ರಮವನ್ನೂ ಕಾಪಾಡಬೇಕಾದ ಸ್ಥಿತಿ ಇಂದಿನ ತಂತ್ರಾಂಶದ್ದೂ ಹೌದು.

ಆಧುನಿಕ ಕಥೆಯ ತಿರುವು 1976ರಲ್ಲಿ ಬಂತು. ಡಿಫಿ ಮತ್ತು ಹೆಲ್‌ಮನ್ ಎರಡು ಕೀಲಿಗಳ ಪದ್ಧತಿಯನ್ನು ಮುಂದಿಟ್ಟರು: ಮುಚ್ಚಲು ಎಲ್ಲರಿಗೂ ಕೊಡಬಹುದಾದ ಸಾರ್ವಜನಿಕ ಕೀಲಿ, ತೆರೆಯಲು ಒಬ್ಬನ ಬಳಿಯೇ ಇರುವ ಖಾಸಗಿ ಕೀಲಿ. ಮರುವರ್ಷ ಆರ್‌ಎಸ್‌ಎ ಸೂತ್ರ ಬಂತು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಪಿಜಿಪಿ ತಂತ್ರಾಂಶವನ್ನು ಹೊರತಂದು ಜನಸಾಮಾನ್ಯರ ಇ-ಮೇಲ್‌ಗೂ ಈ ಪದ್ಧತಿಯನ್ನು ತಲುಪಿಸಿದರು. ಅದರ ಮುಕ್ತ ರೂಪವಾದ ಗ್ನೂಪಿಜಿಯ ಮೊದಲ ಪೂರ್ಣ ಆವೃತ್ತಿಯನ್ನು ಜರ್ಮನಿಯ ವರ್ನರ್ ಕೋಖ್ 1999ರಲ್ಲಿ ಪ್ರಕಟಿಸಿದರು. ವಿಂಡೋಸ್ ಬಳಕೆದಾರರಿಗೆ ಸಿಗುವ ಜಿಪಿಜಿ4ವಿನ್ ಕಟ್ಟು, ಅದರೊಳಗಿನ ಕ್ಲಿಯೋಪಾತ್ರ ಎಂಬ ಕೀಲಿ ನಿರ್ವಾಹಕ ಇದೇ ಮನೆತನದವು.

ಊರಿಗೆ ಬಂದ ಎನ್‌ಕ್ರಿಪ್ಷನ್

ಉದಾಹರಣೆಗೆ ಒಂದು ಸೀಮೆಯನ್ನು ತೆಗೆದುಕೊಳ್ಳೋಣ. ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯಲ್ಲೂ, ಕರ್ನಾಟಕದ ಬೇರೆ ಹಳ್ಳಿಗಳಲ್ಲೂ ಜನ ಎನ್‌ಕ್ರಿಪ್ಷನ್ನನ್ನು ಆ ಹೆಸರಿನಿಂದ ಕೇಳಿರಲಿಕ್ಕಿಲ್ಲ; ಆದರೆ ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರದ ಅಥವಾ ಜೆರಾಕ್ಸ್ ಅಂಗಡಿಯ ಮುಂದೆ ನಿಂತಾಗ ಅದನ್ನು ದಾಟಿಯೇ ಬಂದಿರುತ್ತಾರೆ. ಡೌನ್‌ಲೋಡ್ ಮಾಡಿದ ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಅಂಗಡಿಯ ಹುಡುಗ ಕಣ್ಣೆತ್ತದೆ ಹೆಸರು, ಹುಟ್ಟಿದ ಇಸವಿ ಕೇಳಿ ಒತ್ತಿಬಿಡುತ್ತಾನೆ. ನಿಯಮ ಎಲ್ಲರಿಗೂ ಒಂದೇ: ಆಧಾರ್‌ನಲ್ಲಿರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಅದರ ಬೆನ್ನಿಗೆ ಜನ್ಮವರ್ಷದ ನಾಲ್ಕು ಅಂಕಿ.

ಕೊಟ್ಟೂರು ಸೀಮೆಯಲ್ಲಿ ಇದರ ಬಲವೆಷ್ಟು ಎಂದು ಲೆಕ್ಕ ಹಾಕುವುದು ಸುಲಭ. ಇಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಬಸಪ್ಪ ಇಲ್ಲದ ಓಣಿ ಅಪರೂಪ. ಒಂದೇ ‘ಟಿ’ ಹಾಕಿ ಬರೆದರೆ ಇವರೆಲ್ಲರ ಮೊದಲ ನಾಲ್ಕಕ್ಷರವೂ ಕೆ, ಓ, ಟಿ, ಆರ್. ಉಜ್ಜಿನಿಯ ಮರುಳಸಿದ್ದೇಶ್ವರನ ಹೆಸರಿಟ್ಟುಕೊಂಡವರಿಗೆ ಎಂ, ಎ, ಆರ್, ಯು. ಇನ್ನುಳಿದದ್ದು ಇಸವಿ. 1940ರಿಂದ 2020ರವರೆಗೆ ಒಂದೊಂದಾಗಿ ಹಾಕಿ ನೋಡಿದರೂ 81 ಪ್ರಯತ್ನ. ಆಳಿನ ವಯಸ್ಸು ಅಂದಾಜಿದ್ದರೆ ಹತ್ತು ಸಾಕು. ಒಳಗಿರುವ ಸೂತ್ರ ಎಷ್ಟೇ ಗಟ್ಟಿಯಿರಲಿ, ಪಾಸ್‌ವರ್ಡಿನ ನಿಯಮ ಜಗಜ್ಜಾಹೀರಾಗಿರುವುದರಿಂದ ಈ ಬೀಗ ದಾರಿಹೋಕರನ್ನು ತಡೆಯುವಷ್ಟಕ್ಕೆ ಮಾತ್ರ. ಆಧಾರ್ ಪ್ರತಿಯನ್ನು ಮುಂದೆ ಕಳುಹಿಸಬೇಕಾದಾಗ ಕೊನೆಯ ನಾಲ್ಕು ಅಂಕಿ ಮಾತ್ರ ತೋರುವ ‘ಮಾಸ್ಕ್ಡ್’ ಪ್ರತಿಯನ್ನು ಇಳಿಸಿಕೊಂಡು, ಅದನ್ನು ಸ್ವಂತ ಪಾಸ್‌ವರ್ಡಿನ ಕಟ್ಟಿನೊಳಗೆ ಹಾಕುವುದು ಉತ್ತಮ.

ಎರಡನೆಯ ಪರಿಚಯ ಡಿಜಿಟಲ್ ಸಹಿ ಪ್ರಮಾಣಪತ್ರದ, ಅಂದರೆ ಡಿಎಸ್‌ಸಿ ಟೋಕನ್. ಕೆಲವರು ಇದನ್ನು ‘ಡಾಂಗಲ್’ ಎಂದೂ ಕರೆಯುತ್ತಾರೆ. ನೋಡಲು ಪೆನ್‌ಡ್ರೈವ್, ಆದರೆ ಒಳಗಿನ ಖಾಸಗಿ ಕೀಲಿಯನ್ನು ಹೊರಗೆ ನಕಲು ಮಾಡಲಾಗದಂತೆ ಮಾಡಿದ ಚಿಪ್. ಗುತ್ತಿಗೆದಾರರು, ಲೆಕ್ಕಪರಿಶೋಧಕರು, ಪಂಚಾಯಿತಿ ಅಧಿಕಾರಿಗಳು ಇದನ್ನು ಬಳಸುತ್ತಾರೆ. ಪ್ರಮಾಣಪತ್ರಗಳನ್ನು ನೀಡುವ ಸಂಸ್ಥೆಗಳಿಗೆ ಪರವಾನಗಿ ಕೊಡುವುದು ಕೇಂದ್ರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು; ಬೆಂಗಳೂರಿನ ಇಮುದ್ರಾ ಅಂಥ ಪರವಾನಗಿ ಪಡೆದ ಸಂಸ್ಥೆಗಳಲ್ಲೊಂದು. 2021ರ ಜನವರಿಯಿಂದ ಎರಡನೆಯ ದರ್ಜೆಯ ಪ್ರಮಾಣಪತ್ರ ನಿಂತು ಮೂರನೆಯ ದರ್ಜೆಯದೇ ಉಳಿದಿದೆ.

ಕೊಳ್ಳುವಾಗ ಅಂಗಡಿಯವರು ಕೇಳುವ ‘ಸೈನ್ ಮಾತ್ರವೋ, ಎನ್‌ಕ್ರಿಪ್ಷನ್ನೂ ಬೇಕೋ?’ ಎಂಬ ಪ್ರಶ್ನೆಗೆ ಅರ್ಥವಿದೆ. ಸಹಿಯ ಪ್ರಮಾಣಪತ್ರ ಬರೆದವರು ಯಾರೆಂದು ಸಾರುತ್ತದೆ, ಬರಹವನ್ನು ಮುಚ್ಚುವುದಿಲ್ಲ. ಭೂಮಿ ತಂತ್ರಾಂಶದಿಂದ ಬರುವ ಪಹಣಿಯ ಡಿಜಿಟಲ್ ಸಹಿ ಈ ಬಗೆಯದು: ಎಲ್ಲರೂ ಓದಬಹುದು, ತಿದ್ದಿದರೆ ಸಿಕ್ಕಿಬೀಳುತ್ತದೆ. ಆದಾಯ ತೆರಿಗೆ, ಜಿಎಸ್‌ಟಿ ಸಲ್ಲಿಕೆಗೆ ಸಹಿಯೇ ಸಾಕು. ಇ-ಟೆಂಡರ್‌ಗಳ ಕಥೆ ಬೇರೆ. ಬಿಡ್ ತೆರೆಯುವ ದಿನದವರೆಗೆ ದರ ಯಾರಿಗೂ ಕಾಣಬಾರದು. ಕೇಂದ್ರದ ಟೆಂಡರ್ ವ್ಯವಸ್ಥೆಯಲ್ಲಿ ಅದನ್ನು ತೆರೆಯಬೇಕಾದ ಅಧಿಕಾರಿಗಳ ಸಾರ್ವಜನಿಕ ಕೀಲಿಯಿಂದಲೇ ಮುಚ್ಚಲಾಗುತ್ತದೆ. ನಿಗದಿತ ಹೊತ್ತಿಗೆ ಅವರು ತಮ್ಮ ಟೋಕನ್ ಚುಚ್ಚಿದರಷ್ಟೇ ತೆರೆಯುತ್ತದೆ. ಒಬ್ಬರಿಗೇ ಗಂಟು ಹಾಕದೆ ತೆರೆಯುವವರ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿಡುವ ಸೆಟ್ಟಿಂಗ್‌ನ ಬೆಲೆ, ನಡುವೆ ಒಬ್ಬ ಅಧಿಕಾರಿಯ ವರ್ಗಾವಣೆಯಾದಾಗ ಅಥವಾ ಪಿನ್ ತಪ್ಪಿ ಟೋಕನ್ ಲಾಕ್ ಆದಾಗ ತಿಳಿಯುತ್ತದೆ.

ಟೋಕನ್ನನ್ನೂ ಪಿನ್ನನ್ನೂ ಒಟ್ಟಿಗೆ ಆಪರೇಟರ್ ಕೈಗೋ ತೆರಿಗೆ ಸಲಹೆಗಾರರ ಕೈಗೋ ಕೊಟ್ಟು ನಿಶ್ಚಿಂತರಾಗುವ ರೂಢಿ ಎಲ್ಲೆಡೆ ಇದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 42ನೇ ಸೆಕ್ಷನ್ ಖಾಸಗಿ ಕೀಲಿಯನ್ನು ಜೋಪಾನವಾಗಿ ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಪ್ರಮಾಣಪತ್ರ ಪಡೆದವರ ಮೇಲೆಯೇ ಹೊರಿಸಿದೆ. ಟೋಕನ್ ಬಂದ ದಿನ ಮಾಡಬೇಕಾದ ಮೊದಲ ಸೆಟ್ಟಿಂಗ್, ಕಂಪನಿ ಹಾಕಿಕೊಟ್ಟ ಪಿನ್ ಬದಲಿಸುವುದು.

ಕಡತಗಳಿಗೆ

ಕಡತದ ಮಟ್ಟಿಗೆ ಮೊದಲು ಬೇರ್ಪಡಿಸಬೇಕಾದ್ದು ನಿಜವಾದ ಎನ್‌ಕ್ರಿಪ್ಷನ್ನನ್ನು ಅದರ ವೇಷಗಳಿಂದ. ಎಕ್ಸೆಲ್‌ನ ‘ಪ್ರೊಟೆಕ್ಟ್ ಶೀಟ್’ ಮನೆಗಳನ್ನು ತಿದ್ದದಂತೆ ತಡೆಯುತ್ತದೆ, ಒಳಗಿನ ಮಾಹಿತಿಯನ್ನು ಮುಚ್ಚುವುದಿಲ್ಲ. ವರ್ಡ್‌ನ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಕೂಡ ಹಾಗೆಯೇ. ಪಿಡಿಎಫ್‌ನಲ್ಲಿ ಎರಡು ಪಾಸ್‌ವರ್ಡ್‌ಗಳಿವೆ: ತೆರೆಯಲು ಬೇಕಾದದ್ದು ಒಂದು, ಮುದ್ರಿಸದಂತೆ ನಕಲಿಸದಂತೆ ತಡೆಯುವುದು ಇನ್ನೊಂದು. ಎರಡನೆಯದನ್ನು ಮಾತ್ರ ಹಾಕಿದ ಪಿಡಿಎಫ್ ಯಾರ ಎದುರಾದರೂ ತೆರೆದುಕೊಳ್ಳುತ್ತದೆ. ಆಫೀಸ್ ಕಡತಗಳಲ್ಲಿ ಬೇಕಾದದ್ದು ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’, ಅದೂ ಹೊಸ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ. ನುಡಿ ಕಾಲದಿಂದ ಬಂದ ಹಳೆಯ 97–2003 ರೂಪದಲ್ಲೇ ಉಳಿಸಿ ಪಾಸ್‌ವರ್ಡ್ ಹಾಕಿದರೆ ಒಳಗೆ ಕೆಲಸ ಮಾಡುವುದು ಹೆಚ್ಚಾಗಿ 40 ಬಿಟ್‌ಗಳ ಹಳೆಯ ಆರ್‌ಸಿ4. ಇಂದಿನ ಯಂತ್ರಗಳಿಗೆ ಅದು ತಡೆಯೇ ಅಲ್ಲ.

ಹಲವು ಕಡತಗಳನ್ನು ಒಟ್ಟಿಗೆ ಕಳುಹಿಸುವವರು ಹೆಚ್ಚಾಗಿ ಬಳಸುವುದು 7-ಜಿಪ್. ಇಲ್ಲಿ ಎರಡು ಆಯ್ಕೆಗಳು ಎಲ್ಲವನ್ನೂ ನಿರ್ಧರಿಸುತ್ತವೆ. ಜಿಪ್ ರೂಪವನ್ನು ಆರಿಸಿದರೆ ಎನ್‌ಕ್ರಿಪ್ಷನ್ ಜಾಗದಲ್ಲಿ ತಾನಾಗಿ ಕೂರುವುದು ಜಿಪ್‌ಕ್ರಿಪ್ಟೊ. ಅದರ ದೌರ್ಬಲ್ಯವನ್ನು ಬಿಹಾಮ್ ಮತ್ತು ಕೋಶರ್ 1994ರಲ್ಲೇ ತೋರಿಸಿದ್ದರು: ಕಟ್ಟಿನೊಳಗಿನ ಒಂದು ಕಡತದ ಸ್ವಲ್ಪ ಭಾಗ ಮೊದಲೇ ಗೊತ್ತಿದ್ದರೆ ಉಳಿದದ್ದನ್ನು ಬಿಡಿಸಬಹುದು. ಸರ್ಕಾರಿ ನಮೂನೆಗಳ ಮೊದಲ ಪುಟ ಎಲ್ಲರಿಗೂ ಗೊತ್ತಿರುವುದೇ ತಾನೆ? ಆದ್ದರಿಂದ ಎಇಎಸ್-256 ಆರಿಸಬೇಕು. ಎರಡನೆಯದು ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಎಂಬ ಟಿಕ್. ಇದು 7ಝಡ್ ರೂಪದಲ್ಲಿ ಮಾತ್ರ ಸಿಗುತ್ತದೆ. ಇದನ್ನು ಬಿಟ್ಟರೆ ಒಳಗಿನದು ಓದಲಾಗದಿದ್ದರೂ ಕಡತಗಳ ಹೆಸರುಗಳು ಹಾಗೆಯೇ ಕಾಣುತ್ತವೆ, ಮತ್ತು ‘ವಿಚ್ಛೇದನ ಅರ್ಜಿ’ ಎಂಬ ಹೆಸರೇ ಅರ್ಧ ಸುದ್ದಿ ಹೇಳಿಬಿಡುತ್ತದೆ. ಹಳೆಯ ವಿಂಡೋಸ್ ಎಇಎಸ್ ಹಾಕಿದ ಜಿಪ್ಪನ್ನು ತಾನಾಗಿ ತೆರೆಯದು; ಎದುರಿನವರ ಯಂತ್ರದಲ್ಲಿ 7-ಜಿಪ್ ಇರಬೇಕು. ಈ ಸಣ್ಣ ತೊಂದರೆಗೆ ಬೇಸತ್ತು ದುರ್ಬಲ ಆಯ್ಕೆಗೆ ಮರಳುವವರೇ ಹೆಚ್ಚು.

ಇಡೀ ಪೆನ್‌ಡ್ರೈವನ್ನೋ ಡಿಸ್ಕಿನ ಒಂದು ಭಾಗವನ್ನೋ ಮುಚ್ಚಿಡಲು ವೆರಾಕ್ರಿಪ್ಟ್ ಇದೆ. 2014ರಲ್ಲಿ ಟ್ರೂಕ್ರಿಪ್ಟ್ ಹಠಾತ್ತನೆ ನಿಂತ ಮೇಲೆ ಅದರ ಜಾಗಕ್ಕೆ ಬಂದದ್ದು ಇದು. ಸೂತ್ರವನ್ನು ಆರಿಸುವ ಪಟ್ಟಿಯಲ್ಲಿ ಎಇಎಸ್, ಸರ್ಪೆಂಟ್, ಟೂಫಿಶ್, ಅವುಗಳ ಜೋಡಣೆಗಳು ಕಂಡು ಹೊಸಬರು ತಬ್ಬಿಬ್ಬಾಗುತ್ತಾರೆ. ಎಇಎಸ್‌ನಲ್ಲೇ ಬಿಟ್ಟರೆ ಸಾಕು. ಮೂರು ಸೂತ್ರಗಳನ್ನು ಒಂದರ ಮೇಲೊಂದು ಪೇರಿಸುವುದರಿಂದ ಯಂತ್ರ ನಿಧಾನವಾಗುವುದೇ ಹೊರತು ದುರ್ಬಲ ಪಾಸ್‌ವರ್ಡ್ ಬಲವಾಗುವುದಿಲ್ಲ. ಗಮನ ಕೊಡಬೇಕಾದ ಸೆಟ್ಟಿಂಗ್‌ಗಳು ಬೇರೆ. ಪಿಐಎಂ ಎಂಬ ಸಂಖ್ಯೆ ಪಾಸ್‌ವರ್ಡನ್ನು ಎಷ್ಟು ಸಲ ಅರೆಯಬೇಕೆಂದು ಹೇಳುತ್ತದೆ. ಎಸ್‌ಎಚ್‌ಎ-512 ಆಯ್ಕೆಯಲ್ಲಿ ಖಾಲಿ ಬಿಟ್ಟರೆ 485 ಎಂದು ಹಿಡಿದು 5,00,000 ಸುತ್ತು ಅರೆಯುತ್ತದೆ. ಇಪ್ಪತ್ತಕ್ಷರಕ್ಕಿಂತ ಚಿಕ್ಕ ಪಾಸ್‌ವರ್ಡಿಗೆ ಇದಕ್ಕಿಂತ ಕಡಿಮೆ ಮಾಡಲು ತಂತ್ರಾಂಶ ಬಿಡುವುದಿಲ್ಲ. ಬದಲಿಸಿದರೆ ಆ ಸಂಖ್ಯೆಯನ್ನೂ ನೆನಪಿಡಬೇಕು. ಕೆಲಸ ಮಾಡದೆ ಬಿಟ್ಟಾಗ, ಪರದೆ ಲಾಕ್ ಆದಾಗ ತಾನಾಗಿ ಮುಚ್ಚಿಕೊಳ್ಳುವಂತೆ ಹೇಳುವ ಟಿಕ್‌ಗಳು ‘ಪ್ರಿಫರೆನ್ಸಸ್’ನಲ್ಲಿವೆ; ಕರೆಂಟ್ ಹೋಗಿ ಬಂದು ಮಾಡುವ ಊರುಗಳಲ್ಲಿ ಯುಪಿಎಸ್ ಮೇಲೆ ತೆರೆದಿಟ್ಟು ಎದ್ದುಹೋಗುವ ಅಭ್ಯಾಸಕ್ಕೆ ಇವು ಬೇಕು. ಇನ್ನೊಂದು ‘ಬ್ಯಾಕಪ್ ವಾಲ್ಯೂಮ್ ಹೆಡರ್’. ಹೀಗೆ ಮುಚ್ಚಿದ ಭಾಗವಾದ ‘ಸಂಪುಟ’ದ ತಲೆಯಲ್ಲಿರುವ ಸಣ್ಣ ತುಣುಕು ಕೆಟ್ಟರೆ ಸರಿಯಾದ ಪಾಸ್‌ವರ್ಡೂ ಕೆಲಸಕ್ಕೆ ಬಾರದು. ಸಂಪುಟ ಮಾಡಿದ ದಿನವೇ ಅದರ ಪ್ರತಿಯನ್ನು ಬೇರೆಡೆ ಇಟ್ಟವರು ಬಚಾವ್.

ಬಿಟ್‌ಲಾಕರ್ ವಿಂಡೋಸ್ ಜೊತೆಗೇ ಬರುತ್ತದೆ. ಅದರ ವಿಶೇಷ, ಬಳಕೆದಾರರಿಗೆ ಗೊತ್ತಾಗದೆಯೇ ಚಾಲೂ ಆಗಿರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, 48 ಅಂಕಿಗಳ ಮರುಪಡೆಯುವ ಕೀಲಿ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಯಾರ ಖಾತೆ? ಅಂಗಡಿಯವರು ತಮ್ಮ ಖಾತೆಯಿಂದ ಸಿದ್ಧಮಾಡಿ ಕೊಟ್ಟಿದ್ದರೆ ಕೀಲಿ ಅವರ ಬಳಿ. ಎರಡು ವರ್ಷದ ನಂತರ ಬಯೋಸ್ ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಆ 48 ಅಂಕಿ ಕೇಳುತ್ತದೆ. ಅಷ್ಟು ಹೊತ್ತಿಗೆ ಅಂಗಡಿಯೂ ಇರುವುದಿಲ್ಲ, ಖಾತೆಯ ಹೆಸರೂ ನೆನಪಿರುವುದಿಲ್ಲ. ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ‘ಡಿವೈಸ್ ಎನ್‌ಕ್ರಿಪ್ಷನ್’ ಪುಟ ತೆರೆದು ನೋಡಿ, ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ಜಮೀನು ಪತ್ರಗಳ ಜೊತೆ ಇಡುವುದು ಅತಿ ಎನಿಸಿದರೂ ಸರಿಯಾದ ಕೆಲಸ. ಆಂಡ್ರಾಯ್ಡ್ 10ರಿಂದೀಚೆಗೆ ಹೊಸ ಫೋನುಗಳೆಲ್ಲ ಹುಟ್ಟಿನಿಂದಲೇ ಎನ್‌ಕ್ರಿಪ್ಟ್ ಆಗಿರುತ್ತವೆ. ಪರದೆಯ ಲಾಕ್ ಹಾಕದೆ ಬಿಟ್ಟರೆ ಅದರ ಪ್ರಯೋಜನ ಬಳಕೆದಾರರಿಗೆ ಸಿಗದು.

ಕನ್ನಡದಲ್ಲಿ ಪಾಸ್‌ವರ್ಡ್

ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲೇ ಹಾಕಿದರೆ ಯಾರೂ ಊಹಿಸಲಾರರು ಎಂಬ ಆಲೋಚನೆ ಸಹಜ. ವೆರಾಕ್ರಿಪ್ಟ್ 1.17ನೇ ಆವೃತ್ತಿಯಿಂದ ಯುನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ. ವಿಂಡೋಸ್ ಇರುವ ಇಡೀ ಡಿಸ್ಕನ್ನು ಮುಚ್ಚುವಾಗ ಮಾತ್ರ ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳಷ್ಟೇ ಸಲ್ಲುತ್ತವೆ. ಆದರೆ ತಂತ್ರಾಂಶ ನೋಡುವುದು ಅಕ್ಷರದ ರೂಪವನ್ನಲ್ಲ, ಅದರ ಹಿಂದಿನ ಸಂಕೇತಗಳನ್ನು. ‘ಕೋ’ ಎಂಬ ಅಕ್ಷರದ ದೀರ್ಘ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದು ಕೀಲಿಮಣೆಯಿಂದ ಹಾಕಿದ ಪಾಸ್‌ವರ್ಡನ್ನು ಇನ್ನೊಂದರಿಂದ ಒತ್ತಿದಾಗ ತಂತ್ರಾಂಶ ‘ತಪ್ಪು’ ಎನ್ನಬಹುದು, ಬಳಕೆದಾರ ‘ಸರಿಯಾಗೇ ಒತ್ತಿದೆನಲ್ಲ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒತ್ತಕ್ಷರವನ್ನು ತಡೆಯಲು ನಡುವೆ ಹಾಕುವ ಕಣ್ಣಿಗೆ ಕಾಣದ ಶೂನ್ಯಾಗಲ ಚಿಹ್ನೆ, ‘ರ್ಯ’ಕ್ಕೆ ಅರ್ಕಾವೊತ್ತು ಬಾರದಂತೆ ಬಳಸುವ ಮತ್ತೊಂದು ಚಿಹ್ನೆ ಇವೂ ಲೆಕ್ಕಕ್ಕೆ ಬರುತ್ತವೆ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ಏನು ಬಿತ್ತೆಂದು ನೋಡುವ ದಾರಿಯೂ ಕಷ್ಟ.

ಅಳತೆಯ ಮಾತೂ ಇದೆ. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. ವೆರಾಕ್ರಿಪ್ಟ್ 1.24ರಿಂದ ಸಾಮಾನ್ಯ ಸಂಪುಟಗಳ ಪಾಸ್‌ವರ್ಡಿಗೆ ಇರುವ ಮಿತಿ 128 ಬೈಟ್, ಅಂದರೆ ಸುಮಾರು 42 ಕನ್ನಡ ಸಂಕೇತ; ಅದರಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ.

ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಈ ತಾಪತ್ರಯಕ್ಕೆಲ್ಲ ಸರಳ ಪರಿಹಾರ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ದಾಳ ಎಸೆದು ಆರಿಸಿಕೊಳ್ಳುವ ಕ್ರಮಕ್ಕೆ ಡೈಸ್‌ವೇರ್ ಎಂದು ಹೆಸರು. 7,776 ಪದಗಳ ಪಟ್ಟಿಯಿಂದ ಆರು ಪದ ತೆಗೆದರೆ ಸುಮಾರು 77 ಬಿಟ್‌ಗಳ ಬಲ ಬರುತ್ತದೆ. ಪ್ರಸಿದ್ಧ ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ, ಮನೆದೇವರ ಜಯಘೋಷ ಉದ್ದವಾಗಿ ಕಂಡರೂ ಊಹಿಸುವವರ ಪಟ್ಟಿಯಲ್ಲಿ ಮೊದಲು ನಿಲ್ಲುತ್ತವೆ. ದಾಳಕ್ಕೆ ಭಕ್ತಿಯೂ ಇಲ್ಲ, ರಸಿಕತೆಯೂ ಇಲ್ಲ. ಈ ಕೆಲಸಕ್ಕೆ ಅದೇ ಅದರ ಅರ್ಹತೆ.

ಇ-ಮೇಲ್‌ಗೆ

ಜಿಮೇಲ್‌ನಂಥ ಸೇವೆಗಳು ಮೇಲನ್ನು ಸಾಮಾನ್ಯವಾಗಿ ದಾರಿಯಲ್ಲಿ ಟಿಎಲ್‌ಎಸ್ ಹೊದಿಕೆಯಲ್ಲಿ ಸಾಗಿಸುತ್ತವೆ, ಆದರೆ ಸರ್ವರ್‌ನಲ್ಲಿ ಅದು ಸೇವೆ ನೀಡುವವರಿಗೆ ಓದಸಿಗುತ್ತದೆ. ‘ಕಾನ್ಫಿಡೆನ್ಷಿಯಲ್ ಮೋಡ್’ ಮೇಲನ್ನು ಮುಂದಕ್ಕೆ ಕಳುಹಿಸದಂತೆ, ಗಡುವಿನ ನಂತರ ಕಾಣದಂತೆ ಮಾಡುತ್ತದೆ. ಅದು ಈ ಲೇಖನದ ಅರ್ಥದ ಎನ್‌ಕ್ರಿಪ್ಷನ್ ಅಲ್ಲ. ಕಳುಹಿಸುವವರ ಯಂತ್ರದಲ್ಲೇ ಮುಚ್ಚಿ ಪಡೆಯುವವರ ಯಂತ್ರದಲ್ಲೇ ತೆರೆಯುವ ಎರಡು ಮಾನಕಗಳಿವೆ: ಓಪನ್‌ಪಿಜಿಪಿ ಮತ್ತು ಎಸ್/ಮೈಮ್. ಎರಡನೆಯದಕ್ಕೆ ಮಾನ್ಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು, ಆದ್ದರಿಂದ ಕಚೇರಿಗಳಲ್ಲೇ ಹೆಚ್ಚು. ಮೊದಲನೆಯದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಥಂಡರ್‌ಬರ್ಡ್ 2020ರ 78ನೇ ಆವೃತ್ತಿಯಿಂದ ಅದನ್ನು ಒಳಗೇ ಸೇರಿಸಿಕೊಂಡಿದೆ. ಅದಕ್ಕೆ ಮೊದಲು ಎನಿಗ್‌ಮೇಲ್ ಎಂಬ ಜೋಡಣೆ ಬೇಕಿತ್ತು.

ಖಾತೆಯ ಸೆಟ್ಟಿಂಗ್‌ಗಳಲ್ಲಿ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್’ ತೆರೆದು ಹೊಸ ಕೀಲಿ ಮಾಡಿಕೊಳ್ಳುವುದು ಮೂರು ನಿಮಿಷದ ಕೆಲಸ. ಆಮೇಲಿನದು ಮುಖ್ಯ. ಥಂಡರ್‌ಬರ್ಡ್ ಖಾಸಗಿ ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ‘ಪ್ರೈಮರಿ ಪಾಸ್‌ವರ್ಡ್’ ಹಾಕದಿದ್ದರೆ ಆ ಯಂತ್ರದ ಕಡತಗಳನ್ನು ನಕಲು ಮಾಡಿಕೊಂಡವರಿಗೆ ಕೀಲಿಯೂ ಸಿಕ್ಕಂತೆ. ಈ ಟಿಕ್ ಬೇರೊಂದು ಪುಟದಲ್ಲಿ ಅಡಗಿರುವುದರಿಂದ ಬಹಳ ಜನ ಅದನ್ನು ಕಾಣುವುದೇ ಇಲ್ಲ. ಕರಡು ಮೇಲ್‌ಗಳನ್ನೂ ಮುಚ್ಚಿಯೇ ಉಳಿಸು ಎಂಬ ಆಯ್ಕೆ ಚಾಲೂ ಇರಲಿ. ಇಲ್ಲವಾದರೆ ಮುಚ್ಚಿ ಕಳುಹಿಸಿದ ಪತ್ರದ ಅರೆಬರೆ ಕರಡು ಸರ್ವರ್‌ನಲ್ಲಿ ತೆರೆದೇ ಬಿದ್ದಿರುತ್ತದೆ.

‘ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು’ ಎಂದು ಉಜ್ಜಿನಿ ಸೀಮೆಯ ಮಾತು. ಎನ್‌ಕ್ರಿಪ್ಟ್ ಆದ ಇ-ಮೇಲ್ ಹಂಪಿಯ ಹಾಗೆ ಹೊರಗಿನಿಂದಲೇ ಬೇಕಾದಷ್ಟು ತೋರಿಸುತ್ತದೆ: ಯಾರಿಂದ, ಯಾರಿಗೆ, ಯಾವ ದಿನ, ಎಷ್ಟು ದೊಡ್ಡದು. ವಿಷಯದ ಸಾಲನ್ನು ಮುಚ್ಚುವ ಸೆಟ್ಟಿಂಗ್ ಥಂಡರ್‌ಬರ್ಡ್‌ನಲ್ಲಿದೆ, ಆಗ ಹೊರಗೆ ಮೂರು ಚುಕ್ಕೆ ಮಾತ್ರ ಕಾಣುತ್ತವೆ. ಎದುರಿನವರ ತಂತ್ರಾಂಶ ಹಳೆಯದಾದರೆ ಅವರಿಗೂ ಆ ಮೂರು ಚುಕ್ಕೆಯೇ ಕಂಡೀತು. ವಿಳಾಸಗಳನ್ನು ಮುಚ್ಚುವ ಸೆಟ್ಟಿಂಗ್ ಯಾವುದರಲ್ಲೂ ಇಲ್ಲ.

ಸಾರ್ವಜನಿಕ ಕೀಲಿ ಎಲ್ಲಿಂದ ಬಂತು, ನಿಜಕ್ಕೂ ಅವರದೇನಾ ಎಂಬುದು ಈ ಪದ್ಧತಿಯ ಅತ್ಯಂತ ಸೂಕ್ಷ್ಮ ಜಾಗ. ಬೇರೊಬ್ಬರು ನಿಮ್ಮ ವಕೀಲರ ಹೆಸರಿನಲ್ಲಿ ಕೀಲಿ ಮಾಡಿ ಕಳುಹಿಸಿದರೆ ತಂತ್ರಾಂಶಕ್ಕೆ ಗೊತ್ತಾಗದು. ಅದಕ್ಕಾಗಿ ಕೀಲಿಗೆ ಬೆರಳಚ್ಚು ಇದೆ. ಇಂದು ಹೆಚ್ಚು ಬಳಕೆಯಲ್ಲಿರುವ ಕೀಲಿಗಳಲ್ಲಿ ಅದು ಅಂಕಿ, ಅಕ್ಷರ ಬೆರೆತ 40 ಚಿಹ್ನೆಗಳ ಸಾಲು. ಫೋನಿನಲ್ಲಿ ಅವರ ದನಿ ಗುರುತಿಸಿ, ನಾಲ್ಕು ನಾಲ್ಕಾಗಿ ಓದಿಸಿ ತಾಳೆ ನೋಡಬೇಕು. ‘ವಕೀಲರೇ, ನಿಮ್ಮ ಬೆರಳಚ್ಚು ಹೇಳಿ’ ಎಂದರೆ ಅತ್ತ ಕಡೆಯವರು ಮೊದಲು ನಕ್ಕಾರು. ತಾಳೆಯಾದ ಮೇಲಷ್ಟೇ ‘ಪರಿಶೀಲಿಸಿದ್ದೇನೆ’ ಎಂಬ ಆಯ್ಕೆ ಒತ್ತಬೇಕು. ಕೀಲಿಗಳನ್ನು ಹುಡುಕಲು ಸರ್ವರ್‌ಗಳಿವೆ. ಹಳೆಯ ಎಸ್‌ಕೆಎಸ್ ಜಾಲದಲ್ಲಿ ಯಾರ ಕೀಲಿಗೆ ಬೇಕಾದರೂ ಯಾರು ಬೇಕಾದರೂ ಸಹಿ ಅಂಟಿಸಬಹುದಿತ್ತು. 2019ರಲ್ಲಿ ಕೆಲವು ಕೀಲಿಗಳಿಗೆ ಲೆಕ್ಕವಿಲ್ಲದಷ್ಟು ಸಹಿ ತುಂಬಿ ತಂತ್ರಾಂಶಗಳೇ ನಿಂತುಹೋಗುವಂತೆ ಮಾಡಿದರು. ಅದೇ ವರ್ಷ ಶುರುವಾದ ಕೀಸ್.ಓಪನ್‌ಪಿಜಿಪಿ.ಓಆರ್‌ಜಿ, ಇ-ಮೇಲ್ ವಿಳಾಸ ನಿಮ್ಮದೆಂದು ಖಚಿತಪಡಿಸಿದ ಮೇಲೆಯೇ ಅದನ್ನು ಕೀಲಿಯ ಜೊತೆ ತೋರಿಸುತ್ತದೆ.

2018ರ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಮೊದಲಾದೆಡೆಯ ಸಂಶೋಧಕರು ಇಫೇಲ್ ಎಂಬ ದಾಳಿಯನ್ನು ಪ್ರಕಟಿಸಿದರು. ಕದ್ದ ಗೂಢಮೇಲನ್ನು ಎಚ್‌ಟಿಎಂಎಲ್ ಚಿತ್ರದ ಕೊಂಡಿಯೊಳಗೆ ಹುದುಗಿಸಿ ಮತ್ತೆ ಮಾಲೀಕರಿಗೇ ಕಳುಹಿಸುವುದು. ಅವರ ತಂತ್ರಾಂಶ ಅದನ್ನು ಬಿಡಿಸಿ, ಚಿತ್ರ ತರಲು ಹೋಗುವ ನೆಪದಲ್ಲಿ ಬಿಡಿಸಿದ ಪಠ್ಯವನ್ನು ಕಳ್ಳರ ಸರ್ವರ್‌ಗೆ ತಲುಪಿಸುವುದು. ತಂತ್ರಾಂಶಗಳು ಆಮೇಲೆ ತಿದ್ದಿಕೊಂಡವು. ಎಚ್‌ಟಿಎಂಎಲ್ ಬದಲು ಸರಳ ಪಠ್ಯದಲ್ಲಿ ಓದುವುದು, ಹೊರಗಿನ ಚಿತ್ರಗಳನ್ನು ತಾನಾಗಿ ತರಿಸದಿರುವುದು ಎಂಬ ಎರಡು ಸೆಟ್ಟಿಂಗ್‌ಗಳು ಮಾತ್ರ ಇಂದಿಗೂ ಯೋಗ್ಯ ಸಲಹೆ.

ಕ್ಲಿಯೋಪಾತ್ರ ಬಳಸಿ ಕಡತ ಮುಚ್ಚುವವರು ‘ನನಗೂ ಎನ್‌ಕ್ರಿಪ್ಟ್ ಮಾಡು’ ಎಂಬ ಟಿಕ್ ತೆಗೆಯಬಾರದು. ತೆಗೆದರೆ ಕಳುಹಿಸಿದ ಪ್ರತಿ ಕಳುಹಿಸಿದವರಿಗೇ ತೆರೆಯದು. ಆಜ್ಞಾಸಾಲಿನಲ್ಲಿ ಗ್ನೂಪಿಜಿ ಬಳಸುವವರಿಗೆ ಇದೇ ಕೆಲಸಕ್ಕೆ ಜಿಪಿಜಿ.ಕಾನ್ಫ್ ಕಡತದಲ್ಲಿ ‘ಎನ್‌ಕ್ರಿಪ್ಟ್-ಟು’ ಸಾಲು ಬೇಕು. ಮುಚ್ಚಿದ ಪ್ರತಿ ತಯಾರಾದ ಮೇಲೂ ಮೂಲ ಕಡತ ಅಲ್ಲೇ ಇರುತ್ತದೆ ಎಂಬುದನ್ನು ಹೇಳಿಯೇ ತಿಳಿಸಬೇಕಾಗುತ್ತದೆ. ಒಮ್ಮೆ ಒತ್ತಿದ ಪಾಸ್‌ವರ್ಡನ್ನು ಜಿಪಿಜಿ-ಏಜೆಂಟ್ 600 ಸೆಕೆಂಡ್ ನೆನಪಿಡುತ್ತದೆ, ಮತ್ತೆ ಮತ್ತೆ ಬಳಸುತ್ತಿದ್ದರೆ 7,200 ಸೆಕೆಂಡ್‌ವರೆಗೆ. ಹಲವರು ಕೂರುವ ಕಂಪ್ಯೂಟರಿನಲ್ಲಿ ಈ ಎರಡು ಗಂಟೆ ಬಹಳ ದೀರ್ಘ. ಜೆರಾಕ್ಸ್ ಅಂಗಡಿಯ ಯಂತ್ರಕ್ಕಂತೂ ಖಾಸಗಿ ಕೀಲಿ ಹೋಗಲೇಬಾರದು, ಅಲ್ಲಿ ಯಾವ ಸೆಟ್ಟಿಂಗೂ ಕಾಯುವುದಿಲ್ಲ. ಹೊಸ ಕೀಲಿ ಮಾಡಿದಾಗ ಗ್ನೂಪಿಜಿ ರದ್ದತಿ ಪತ್ರವನ್ನೂ ತಾನಾಗಿ ಮಾಡಿ ಒಂದು ಉಪಕೋಶದಲ್ಲಿ ಇಡುತ್ತದೆ. ಕೀಲಿ ಕಳೆದುಹೋದರೆ ‘ಇದನ್ನಿನ್ನು ಬಳಸಬೇಡಿ’ ಎಂದು ಜಗತ್ತಿಗೆ ಸಾರಲು ಅದೇ ಬೇಕು. ಅದೂ ಕೀಲಿಯ ಜೊತೆ ಅದೇ ಡಿಸ್ಕಿನಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ.

ವಾಟ್ಸ್ಆ್ಯಪ್ 2016ರಲ್ಲೇ ಎಲ್ಲ ಸಂದೇಶಗಳನ್ನು ತಾನಾಗಿ ಮುಚ್ಚಲು ಶುರುಮಾಡಿ, ಬಳಕೆದಾರರಿಗೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಇ-ಮೇಲ್ ಎನ್‌ಕ್ರಿಪ್ಷನ್ ಹಿಂದುಳಿದದ್ದಕ್ಕೂ ವಾಟ್ಸ್ಆ್ಯಪ್ ಗೆದ್ದದ್ದಕ್ಕೂ ಇದೇ ಕಾರಣ. ಅಲ್ಲೂ ಒಂದು ಸೆಟ್ಟಿಂಗ್ ಬಳಕೆದಾರರ ಪಾಲಿಗೆ ಉಳಿದಿದೆ: ಕ್ಲೌಡ್‌ಗೆ ಹೋಗುವ ಬ್ಯಾಕಪ್. 2021ರಲ್ಲಿ ಬಂದ ಈ ಆಯ್ಕೆಯಲ್ಲಿ ಸ್ವಂತ ಪಾಸ್‌ವರ್ಡ್ ಅಥವಾ 64 ಅಂಕೆ-ಅಕ್ಷರಗಳ ಕೀಲಿ ಹಾಕಬಹುದು.

ಕಾನೂನು

ಭಾರತದಲ್ಲಿ ಎನ್‌ಕ್ರಿಪ್ಷನ್ ಬಳಸುವುದು ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರ ತಿದ್ದುಪಡಿ ಸೇರಿಸಿದ 84ಎ ಸೆಕ್ಷನ್ ಅದರ ವಿಧಾನಗಳನ್ನು ನಿಗದಿಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆ ಅಧಿಕಾರದಡಿ 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಕರಡು ನೀತಿ, ಮುಚ್ಚಿ ಕಳುಹಿಸಿದ ಸಂದೇಶಗಳ ತೆರೆದ ಪ್ರತಿಯನ್ನು ನಾಗರಿಕರೂ 90 ದಿನ ಇಟ್ಟುಕೊಂಡಿರಬೇಕು ಎಂದಿತ್ತು. ದೇಶದ ತುಂಬ ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಅದೇ ಅಧಿನಿಯಮದ 69ನೇ ಸೆಕ್ಷನ್ ದೇಶದ ಭದ್ರತೆ ಮುಂತಾದ ಕಾರಣಗಳಿಗೆ ಬಿಡಿಸಿಕೊಡಲು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡುತ್ತದೆ. ನೆರವಾಗದವರಿಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಇನ್ನೊಂದು ದಿಕ್ಕಿನಿಂದ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 2025ರ ನಿಯಮಗಳು ಜನರ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳು ಮಾಡಬೇಕಾದ ರಕ್ಷಣೆಗಳಲ್ಲಿ ಎನ್‌ಕ್ರಿಪ್ಷನ್ನನ್ನು ಹೆಸರಿಸಿ ಹೇಳಿವೆ.

ಮುಂದಿನ ಬದಲಾವಣೆಗಳು

ಕ್ವಾಂಟಂ ಕಂಪ್ಯೂಟರು ದೊಡ್ಡದಾಗಿ ಬೆಳೆದರೆ ಆರ್‌ಎಸ್‌ಎಯಂಥ ಎರಡು ಕೀಲಿಗಳ ಸೂತ್ರಗಳು ಬೀಳುತ್ತವೆ, ಎಇಎಸ್-256 ಉಳಿಯುತ್ತದೆ. ಅದಕ್ಕೆ ಸಿದ್ಧತೆಯಾಗಿ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು, ಗ್ನೂಪಿಜಿಯ 2.5 ಸರಣಿ ಅವುಗಳಲ್ಲೊಂದರ ಮೂಲವಾದ ಕೈಬರ್ ಸೂತ್ರವನ್ನು ಅಳವಡಿಸಿಕೊಂಡಿತು. ಇದೇ ಹೊತ್ತಿಗೆ ಓಪನ್‌ಪಿಜಿಪಿ ಮನೆ ಎರಡಾಗಿದೆ. 2007ರ ಮಾನಕದ ಜಾಗಕ್ಕೆ 2024ರಲ್ಲಿ ಆರ್‌ಎಫ್‌ಸಿ 9580 ಬಂದರೂ ಗ್ನೂಪಿಜಿ ಅದನ್ನು ಒಪ್ಪದೆ ಲಿಬ್ರೆಪಿಜಿಪಿ ಎಂಬ ಬೇರೆ ದಾರಿ ಹಿಡಿದಿದೆ. ಬಳಕೆದಾರರಿಗೆ ಇದರ ಪರಿಣಾಮ ಹೀಗೆ: ಒಂದು ಬಣದ ಹೊಸ ಮಾದರಿಯಲ್ಲಿ ಮಾಡಿದ ಕೀಲಿಯಾಗಲಿ ಕಟ್ಟಾಗಲಿ ಇನ್ನೊಂದು ಬಣದ ತಂತ್ರಾಂಶಕ್ಕೆ ಅರ್ಥವಾಗದಿರಬಹುದು. ಇಬ್ಬರೂ ಓದಬಲ್ಲ ಹಳೆಯ ನಾಲ್ಕನೆಯ ಆವೃತ್ತಿಯ ಕೀಲಿಯನ್ನೇ ಸದ್ಯಕ್ಕೆ ಮಾಡಿಕೊಂಡು, ಅದಕ್ಕೆ ಎರಡು-ಮೂರು ವರ್ಷದ ಅವಧಿ ನಮೂದಿಸಿ, ಅವಧಿ ಮುಗಿಯುವ ಮೊದಲು ವಿಸ್ತರಿಸುತ್ತ ಹೋಗುವುದು ಕಡಿಮೆ ತಕರಾರಿನ ಹಾದಿ. ಅವಧಿ ಮುಗಿದ ಕೀಲಿಯಿಂದಲೂ ಹಳೆಯ ಮೇಲ್‌ಗಳು ತೆರೆಯುತ್ತವೆ, ಹೊಸದನ್ನು ಮುಚ್ಚಲು ಮಾತ್ರ ಅದು ಒದಗದು. ಆದ್ದರಿಂದ ಹಳೆಯ ಕೀಲಿಯನ್ನು ಅಳಿಸದೆ ಇಟ್ಟುಕೊಂಡಿರಬೇಕು.